ಗುಂಡು ಸಿಗದ ವರ್ಷದ ಹಾಲ್ವರ್ ಬ್ರೆಕ್ಕೆ

ಹಾಲ್ವರ್ ಬ್ರೆಕ್ಕೆಯವರು ಮೊದಲ ಸಲ ನಮ್ಮ ಮನೆ ಬಾಗಿಲಿಗೆ ಬಂದದ್ದು ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಅಂಗಳದ ಹಿಮ ಅಲ್ಲಲ್ಲಿ ಕರಗಿ ನೆಲ ಕಾಣುತ್ತಿತ್ತು. ನಾನು ಕಾವಲಿಯ ಮೇಲೆ ಲೆಫ್ಸ ಹಾಕಿದ್ದೆ. ಆಲೂಗೆಡ್ಡೆಯ ತೆಳು ರೊಟ್ಟಿ ಅದು, ಕಣ್ಣು ಅತ್ತಿತ್ತ ಆದರೆ ಸುಟ್ಟುಹೋಗುತ್ತದೆ.

ನಲವತ್ತು ವರ್ಷದಿಂದ ಅವರ ಮುಖ ನನಗೆ ಗೊತ್ತಿತ್ತು. ಅವರ ಮನೆ ನಮ್ಮಿಂದ ಹನ್ನೊಂದು ಮೈಲಿ. ಆದರೆ ಅವರು ಗುಡ್ಡದ ಚರ್ಚಿನವರು, ನಾವು ಹಳ್ಳದ ಚರ್ಚಿನವರು. ಎರಡೂ ಲೂಥರನ್ ಚರ್ಚುಗಳೇ, ಹಾಡುವ ಹಾಡೂ ಒಂದೇ. ಅಜ್ಜಂದಿರ ಕಾಲದಲ್ಲಿ ಯಾವುದೋ ಮಾತಿಗೆ ಒಡೆದು ಎರಡಾದವು. ಮಾತು ಏನೆಂದು ಈಗ ಯಾರಿಗೂ ನೆನಪಿಲ್ಲ. ಒಡಕನ್ನು ಮಾತ್ರ ಯಾರೂ ಮರೆತಿಲ್ಲ. ಹಾಗಾಗಿ ರಸ್ತೆಯಲ್ಲಿ ಗಾಡಿ ಎದುರಾದರೆ ಒಂದು ಬೆರಳೆತ್ತುವುದು ಬಿಟ್ಟರೆ ನಮ್ಮಿಬ್ಬರ ನಡುವೆ ಏನೂ ನಡೆದಿರಲಿಲ್ಲ.

ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಪ್ಪತ್ತೇಳು ವರ್ಷ, ಮದುವೆಯಾಗದವರು, ಬೇಲಿಗೂಟದ ಹಾಗೆ ಸಪೂರ. ಎಡಗಣ್ಣಿಗೆ ಪೊರೆ ಬಂದು ಹಾಲಿನ ಬಣ್ಣಕ್ಕೆ ತಿರುಗಿತ್ತು.

"ಒಳಗೆ ಬನ್ನಿ, ಕಾಫಿ ಕುಡೀರಿ," ಅಂದೆ.

"ಬೇಡ, ಬೇಡ. ನಿಮ್ಗ್ಯಾಕೆ ತೊಂದ್ರೆ."

"ತೊಂದ್ರೆ ಏನಿದೆ, ಆಗ್ಲೇ ಇಳಿಸಿದೀನಿ. ಒಂದು ಲೋಟ ಕುಡೀರಿ."

"ಇಲ್ಲ, ಈಗ ತಾನೇ ಕುಡ್ದು ಬಂದೆ."

ನಮ್ಮಲ್ಲಿ ಬಂದವರಿಗೆ ಮೂರು ಸಲ ಕೇಳಬೇಕು. ಎರಡು ಸಲ ಬೇಡ ಅನ್ನುವುದು ಬಂದವರ ಮರ್ಯಾದೆ, ಮೂರನೆಯ ಸಲ ಕೇಳುವುದು ಮನೆಯವರ ಮರ್ಯಾದೆ. ಕಾಫಿ ಕುಡಿಯದೆ ಬಂದ ಕೆಲಸ ಬಾಯಿಬಿಡುವಂತಿಲ್ಲ. ಆ ಹೊತ್ತಿಗೆ ಸರಿಯಾಗಿ ಲೆಫ್ಸ ಸುಟ್ಟ ವಾಸನೆ ಬಂತು. ನಾನು ಒಲೆಯ ಕಡೆ ತಿರುಗಿದೆ, ರೊಟ್ಟಿ ಎತ್ತಿದೆ, ಮೂರನೆಯ ಸಲ ಕೇಳುವುದು ಮರೆತೇಹೋಯಿತು. ಮತ್ತೆ ತಿರುಗಿ ನೋಡುವಾಗ ಅವರು ಟೋಪಿ ಹಾಕಿಕೊಂಡು, "ಬರ್ತೀನಿ ಹಾಗಾದ್ರೆ," ಎಂದು ಮೆಟ್ಟಿಲು ಇಳಿಯುತ್ತಿದ್ದರು. ಯಾಕೆ ಬಂದಿದ್ದರು ಎಂದು ಹೇಳಲಿಲ್ಲ. ಕೂಗಿ ಕರೆಯಲು ನನಗೆ ನಾಚಿಕೆಯಾಯಿತು.

ಅರ್ಧ ಗಂಟೆಯೊಳಗೆ ರಸ್ತೆಯಾಚೆಯ ಮನೆಯಿಂದ ನನ್ನ ತಂಗಿ ವರ್ನಾಳ ಫೋನು.

"ಏನೇ ಆರ್ಡಿಸ್, ಗುಡ್ಡದ ಚರ್ಚಿನೋರ ಗಾಡಿ ನಿನ್ನ ಅಂಗಳದಲ್ಲಿ? ಲೈಲ್ ಭಾವ ಹೋಗಿ ನಾಲ್ಕು ತಿಂಗ್ಳೂ ಆಗಿಲ್ಲ."

"ಬಾಯ್ಮುಚ್ಚೇ. ಯಾಕೆ ಬಂದ್ರೋ ನನಗೇ ಗೊತ್ತಿಲ್ಲ. ಕಾಫಿ ಎರಡೇ ಸಲ ಕೇಳ್ದೆ."

"ಎರಡೇ ಸಲನಾ," ಅಂದಳು, ನಾನು ಅವರ ಮೇಲೆ ನಾಯಿ ಬಿಟ್ಟೆ ಅಂದ ಹಾಗೆ. "ಅವ್ರು ಹದಿನೇಳರ ಗುಂಡು ಕೇಳ್ಕೊಂಡು ತಿರುಗ್ತಿದಾರೆ ಕಣೇ. ಗಂಡ ಸತ್ತೋರ ಮನೆ ಮನೆಗೆ ಹೋಗ್ತಿದಾರೆ. ಗಂಡ ನೆಲಮಾಳಿಗೇಲಿ ಏನಿಟ್ಟು ಹೋದ ಅಂತ ಅವ್ರಿಗೇ ಗೊತ್ತಿರಲ್ವಲ್ಲ, ಅದಕ್ಕೆ."

ಆ ವರ್ಷ ನಮ್ಮ ಕಡೆ ಎಲ್ಲರ ಬಾಯಲ್ಲೂ ಹದಿನೇಳೇ. ಹೊಸದಾಗಿ ಬಂದ ಸಣ್ಣ ಬಂದೂಕು ಅದು. ಗುಂಡು ಗೋಧಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಭುಜಕ್ಕೆ ಒದೆಯುವುದಿಲ್ಲ, ಸದ್ದು ಕಡಿಮೆ, ನೂರೈವತ್ತು ಗಜ ದೂರಕ್ಕೆ ಗೆರೆ ಎಳೆದ ಹಾಗೆ ಹೋಗುತ್ತದೆ. ಗೋಫರುಗಳ ಕಾಟ ಇರುವ ಊರಿಗೆ ಇನ್ನೇನು ಬೇಕು. ನೆಲದಲ್ಲಿ ಬಿಲ ತೋಡುವ ಈ ಅಳಿಲುಗಳು ಹುಲ್ಲುಗಾವಲಿಗೆ ಬಿದ್ದರೆ ಮೇವು ಹೋಯಿತು, ಕುದುರೆಯ ಕಾಲು ಹೋಯಿತು. ಕ್ರಿಸ್‌ಮಸ್‌ಗೆ ಎಲ್ಲ ಹೆಂಡತಿಯರೂ ಗಂಡಂದಿರಿಗೆ ಹದಿನೇಳನ್ನೇ ಕೊಟ್ಟರು. ಜನವರಿಯ ಹೊತ್ತಿಗೆ ಬಂದೂಕು ಮನೆಮನೆಯಲ್ಲಿತ್ತು, ಗುಂಡು ಮಾತ್ರ ಕಾರ್ಖಾನೆಯಿಂದ ಬರುವುದು ನಿಂತಿತ್ತು.

ಎಂಟು ದಿನ ಬಿಟ್ಟು ಬುಧವಾರ ಹಾಲ್ವರ್ ಮತ್ತೆ ಬಂದರು. ಈ ಸಲ ನಾನು ಒಲೆ ಆರಿಸಿ ಹೊರಗೆ ಬಂದು, ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರೂ ಸಲ ಕೇಳಿ ಮುಗಿಸಿದೆ. ಅವರು ಎರಡು ಬೇಡಗಳನ್ನು ಅವಸರದಲ್ಲೇ ಹೇಳಿ, "ಅಷ್ಟು ಹೇಳ್ತಿದೀರಿ, ಅರ್ಧ ಲೋಟ ಕೊಡಿ," ಎಂದು ಒಳಗೆ ಬಂದು ಎರಡು ಲೋಟ ಕುಡಿದರು. ಹಿಮದ ಮಾತಾಯಿತು, ದನದ ಮಾತಾಯಿತು.

"ಲೈಲ್ ಅವ್ರು ಹೋದ ವರ್ಷ ಹದಿನೇಳು ತಗೊಂಡಿದ್ರಂತೆ," ಅಂದರು ಆಮೇಲೆ.

"ಡೆಲ್ಬರ್ಟ್ ಹೇಳಿದ್ನಾ?" ಡೆಲ್ಬರ್ಟ್ ಪೇಟೆಯ ಹಾರ್ಡ್‌ವೇರ್ ಅಂಗಡಿಯವನು, ಬಂದೂಕು ಮಾರುವವನೂ ಅವನೇ.

"ಅವ್ನು ಹೇಳ್ಲಿಲ್ಲ. ನಿಮ್ಮ ಹೆಸ್ರು ಬಂದಾಗ ಕೆಮ್ಮಿದ, ಅಷ್ಟೇ."

ಗುಂಡು ಯಾತಕ್ಕೆ ಬೇಕೆಂದು ಕೇಳಿದೆ. ಗುಡ್ಡದ ಚರ್ಚಿನ ಸಮಾಧಿ ಜಾಗವನ್ನು ಅರವತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವರು ಅವರೇ. ಅಲ್ಲಿಗೆ ಗೋಫರು ಮುತ್ತಿವೆ, ಕಲ್ಲುಗಳು ವಾಲುತ್ತಿವೆ. ಹಳೆಯ ಇಪ್ಪತ್ತೆರಡರ ಬಂದೂಕಿನಲ್ಲಿ ಯಾರೋ ಹೊಡೆದು, ಗುಂಡು ಸಮಾಧಿ ಕಲ್ಲಿಗೆ ಬಡಿದು ಪುಟಿದು ಚರ್ಚಿನ ಕಿಟಕಿ ಒಡೆದಿತ್ತು. ಆಮೇಲೆ ಹದಿನೇಳು ಬಿಟ್ಟು ಬೇರೆ ಬಂದೂಕು ಅಲ್ಲಿ ಕೂಡದು ಎಂದು ಕಟ್ಟಳೆಯಾಯಿತು. ಅದರ ಗುಂಡು ನೆಲಕ್ಕೆ ತಾಗಿದಲ್ಲೇ ಪುಡಿಯಾಗುತ್ತದೆ. ವಿಷ ಇಟ್ಟರೆ ಗಿಡುಗ ಸಾಯುತ್ತವೆ, ಊರ ನಾಯಿ ಸಾಯುತ್ತವೆ. ಈಗ ಚರ್ಚಿನ ಮಂಡಳಿಯ ಮುಖಂಡ ಗೇಲನ್ ಲುಂಡೆ ಗಡುವು ಕೊಟ್ಟಿದ್ದಾನೆ. ಮೇ ಕೊನೆಯ ಸೋಮವಾರ ಎಲ್ಲರೂ ಸಮಾಧಿಗಳಿಗೆ ಹೂವಿಡಲು ಬರುತ್ತಾರೆ. ಅಷ್ಟರೊಳಗೆ ಗೋಫರು ಹೋಗದಿದ್ದರೆ ಮಾರನೆಯ ದಿನ ಯಂತ್ರ ತಂದು ಉತ್ತರದ ಬೇಲಿಯ ಪಟ್ಟಿಯನ್ನು ನಾಲ್ಕಡಿ ಅಗೆದು ಬಿಲಗಳನ್ನು ಮುಚ್ಚಿಸುತ್ತಾನೆ.

"ಅಗೀಲಿ ಬಿಡಿ. ಆ ಪಟ್ಟೀಲಿ ಕಲ್ಲೇ ಇಲ್ವಂತಲ್ಲ," ಅಂದೆ.

ಅವರು ಲೋಟದೊಳಗೆ ನೋಡಿದರು. "ಅಗೀಬಾರ್ದು," ಅಂದರು.

ನೆಲಮಾಳಿಗೆಗೆ ಇಳಿದೆವು. ಬೀಟ್‌ರೂಟ್ ಉಪ್ಪಿನಕಾಯಿಯ ಸೀಸೆಗಳ ಪಕ್ಕದಲ್ಲಿ ಆರು ಪೆಟ್ಟಿಗೆಗಳಿದ್ದವು, ಒಂದೊಂದರಲ್ಲಿ ಐವತ್ತು ಗುಂಡು. ಐದು ಒಡೆಯದವು. ಆರನೆಯದನ್ನು ಲೈಲ್ ಒಡೆದಿದ್ದರು. ಅಕ್ಟೋಬರಿನಲ್ಲಿ, ನಡೆಯಲು ಆಗದಿದ್ದಾಗ, ಗಾಡಿಯ ಕಿಟಕಿಯಲ್ಲಿ ಬಂದೂಕು ಇಟ್ಟು ಖಾಲಿ ಡಬ್ಬಗಳಿಗೆ ಗುರಿಯಿಡುತ್ತ ಹದಿನಾಲ್ಕು ಹಾರಿಸಿದ್ದರು. ಉಳಿದ ಮೂವತ್ತಾರು ತಟ್ಟೆಯಲ್ಲಿ ಅವರು ಬಿಟ್ಟ ಹಾಗೆಯೇ ನಿಂತಿದ್ದವು. ನಾನು ಐದನ್ನು ತೆಗೆದುಕೊಟ್ಟೆ. ಆರನೆಯದರ ಮೇಲೆ ಕೈಯಿಟ್ಟುಕೊಂಡೆ. ಹಾಲ್ವರ್ ಅದನ್ನು ನೋಡಿದರು, ಕೇಳಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಬರತೊಡಗಿದರು. ಆ ವಾರ ಹಾರಿಸಿದ ಗುಂಡುಗಳ ಹಿತ್ತಾಳೆಯ ಖಾಲಿ ಸಿಪ್ಪೆಗಳನ್ನು ಅದೇ ಪೆಟ್ಟಿಗೆಯಲ್ಲಿ ಜೋಡಿಸಿ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಒಂದೂ ಬೇರೆ ಕಡೆ ಹೋಗಿಲ್ಲ ಎಂದು ತೋರಿಸಲು. ನಾನು ಕೇಳಿರಲಿಲ್ಲ.

"ಮೂವತ್ತೆಂಟು ಹಾರಿಸ್ದೆ, ಮೂವತ್ತೊಂದು ಬಿತ್ತು."

"ಉಳಿದ ಏಳು?"

"ಅದು ಕಣ್ಣಿನ ತಪ್ಪು. ಬಂದೂಕಿಂದಲ್ಲ."

ಏಪ್ರಿಲ್ ಕೊನೆಗೆ ಐದೂ ಪೆಟ್ಟಿಗೆ ಮುಗಿದವು. ಆ ಶನಿವಾರ ಅವರು ಸಿಪ್ಪೆಗಳನ್ನಿಟ್ಟು, ಕಾಫಿ ಕುಡಿದು, ಹೊರಟರು. ಗಾಡಿಯ ಬಾಗಿಲಿಗೆ ಕೈ ಹಾಕಿದ್ದರು. ನಾನು ಕೆಳಗೆ ಹೋಗಿ ಆರನೆಯ ಪೆಟ್ಟಿಗೆ ತಂದೆ. ಗುಂಡುಗಳು ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದೆ.

"ಇದು ಬೇಡ," ಅಂದರು.

"ತಗೊಳ್ಳಿ."

"ಬೇಡ, ಆರ್ಡಿಸ್. ಅದು ಅವ್ರು ಇಟ್ಟಿದ್ದು."

"ಮೂರನೇ ಸಲ ಹೇಳ್ತಿದೀನಿ," ಅಂದೆ. "ನಾನೂ ಬರ್ತೀನಿ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ಈ ಮೂವತ್ತಾರರಲ್ಲಿ ಒಂದೂ ದಂಡ ಆಗಬಾರ್ದು."

ಹೀಗೆ ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಗುಡ್ಡದ ಚರ್ಚಿನ ಅಂಗಳಕ್ಕೆ ಕಾಲಿಟ್ಟೆ. ವರ್ನಾಗೆ ಹೇಳಲಿಲ್ಲ, ಆದರೂ ಅವಳಿಗೆ ಗೊತ್ತಾಯಿತು.

ಅವರ ಗಾಡಿಯಲ್ಲಿ ಕೂತು ನಾನು ದುರ್ಬೀನು ಹಿಡಿದು ಹೇಳುವುದು, ಅವರು ಕಿಟಕಿಯಿಂದ ಹೊಡೆಯುವುದು. ಉತ್ತರದ ಬೇಲಿಯಲ್ಲಿ ಹನ್ನೊಂದು ಕಬ್ಬಿಣದ ಕಂಬಗಳಿದ್ದವು. ಕಂಬ ಹೇಳಿದರೆ ಗುರುತು ಸುಲಭ.

"ಮೂರನೇ ಕಂಬ, ಬಲಕ್ಕೆ ಎರಡು ಮಾರು."

ಟಪ್ ಎಂದು ಸದ್ದು. ಬಿತ್ತು.

"ಆರನೇ ಕಂಬ, ಬುಡದಲ್ಲೇ ಕೂತಿದೆ."

ಸದ್ದಿಲ್ಲ. ನಾನು ಮತ್ತೆ ಹೇಳಿದೆ. ಅವರು ಬಂದೂಕು ಹಿಡಿದು ಕಾಯುತ್ತಿದ್ದರು. ಗೋಫರು ಕಂಬ ಬಿಟ್ಟು ನಾಲ್ಕು ಹೆಜ್ಜೆ ಓಡಿದ ಮೇಲೆ ಹೊಡೆದರು. ತಪ್ಪಿತು.

"ಕೂತಾಗ ಯಾಕೆ ಬಿಟ್ರಿ? ಎಷ್ಟು ಚೆನ್ನಾಗಿ ಕೂತಿತ್ತು."

"ಕಂಬದ ಬುಡಕ್ಕೆ ಹೊಡೆಯಲ್ಲ."

"ಯಾಕೆ?"

ಅವರು ಬಂದೂಕನ್ನು ಮಡಿಲಲ್ಲಿಟ್ಟುಕೊಂಡರು. "ಅಲ್ಲೊಂದು ಮಗು ಮಲಗಿದೆ," ಅಂದರು.

ಒಂದೊಂದು ಕಂಬಕ್ಕೆ ಒಂದೊಂದು, ಹನ್ನೊಂದು ಮಕ್ಕಳು. ಈ ಊರು ಹೊಸದಾಗಿ ಎದ್ದ ಕಾಲದಲ್ಲಿ ಪಾದ್ರಿ ರೈಲಿನಲ್ಲಿ ಆರು ವಾರಕ್ಕೊಮ್ಮೆ ಬರುತ್ತಿದ್ದರಂತೆ. ಅಷ್ಟರಲ್ಲಿ ಸತ್ತ ಕೂಸುಗಳಿಗೆ ದೀಕ್ಷಾಸ್ನಾನವಾಗಿರುತ್ತಿರಲಿಲ್ಲ. ದೀಕ್ಷೆಯಾಗದ ಕೂಸಿಗೆ ಸಾಲಿನಲ್ಲಿ ಜಾಗ ಇಲ್ಲ, ಕಲ್ಲು ಇಲ್ಲ, ಪ್ರಾರ್ಥನೆ ಇಲ್ಲ ಎಂದು ಆ ಪಾದ್ರಿಯ ಹಟ. ತಂದೆಯರು ಬೇಲಿಯ ಕಂಬದ ಬುಡದಲ್ಲಿ ಹೂತು ಬಾಯಿಮುಚ್ಚಿಕೊಂಡರು. ಹಾಲ್ವರ್ ಅವರ ತಾಯಿ ಊರಿನ ಸೂಲಗಿತ್ತಿ. ಹನ್ನೊಂದೂ ಅವಳ ಕೈಯಲ್ಲೇ ಹುಟ್ಟಿದವು. ಒಂದು ಅವಳದೇ, ಹಾಲ್ವರ್ ಅವರ ಅಣ್ಣ. ಮಗನಿಗೆ ಹದಿನೇಳು ತುಂಬಿದಾಗ ಅವನನ್ನು ಬೇಲಿಯುದ್ದಕ್ಕೂ ನಡೆಸಿ ಕಂಬಕ್ಕೊಬ್ಬರಂತೆ ಹೇಳಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡಳಂತೆ. ಆ ಮನೆಗಳಿಗೆ ಅದು ಮುಚ್ಚಿಟ್ಟ ಅವಮಾನ. ಅಂದಿನಿಂದ ಬೇಲಿ ಮೂರು ಸಲ ಹೊಸದಾಗಿದೆ. ಮರದ ಕಂಬ ಹೋಗಿ ಕಬ್ಬಿಣದ್ದು ಬಂದಾಗಲೂ ಹಾಲ್ವರ್ ಹಳೆಯ ಗುಳಿಯಲ್ಲೇ ಹೊಸ ಕಂಬ ನಿಲ್ಲಿಸಿದ್ದಾರೆ, ಒಂದಂಗುಲ ಆಚೀಚೆ ಆಗದ ಹಾಗೆ.

"ಗೇಲನ್‌ಗೆ ಹೇಳ್ಬಿಡಿ. ಯಂತ್ರ ನಿಲ್ಲುತ್ತೆ," ಅಂದೆ.

"ಹೇಳೋ ಹಾಗಿದ್ರೆ ನಾನ್ಯಾಕೆ ಮನೆ ಮನೆ ಗುಂಡು ಬೇಡ್ತಿದ್ದೆ?" ಅಂದರು. "ಗೋಫರು ಹೋದ್ರೆ ಯಂತ್ರ ಬರಲ್ಲ. ಯಂತ್ರ ಬರ್ದಿದ್ರೆ ನಾನು ಅಮ್ಮನಿಗೆ ಕೊಟ್ಟ ಮಾತು ಮುರಿಬೇಕಾಗಿಲ್ಲ."

ಮೂವತ್ತಾರರಲ್ಲಿ ಮೂವತ್ತು ಬಿದ್ದವು. ಆದರೂ ಬೇಲಿಯಲ್ಲಿ ಐವತ್ತಾದರೂ ಉಳಿದಿದ್ದವು, ಮೇ ನಡುವಿಗೆ ಮರಿಗಳು ಬಿಲದ ಬಾಯಿಗೆ ಬಂದು ಇಣುಕತೊಡಗಿದವು. ಡೆಲ್ಬರ್ಟನ ಅಂಗಡಿಗೆ ಹೋದೆವು. ಗಲ್ಲಾದ ಮೇಲೆ ಉದ್ದನೆಯ ಹಾಳೆ, ಅದರಲ್ಲಿ ಗುಂಡಿಗೆ ಕಾಯುವವರ ಹೆಸರು, ಅರವತ್ತಮೂರು.

"ಲಾರಿ ಬಂತು, ಎರಡು ಪೆಟ್ಟಿಗೆ ಇಳಿಸ್ತು, ನಾನು ದಾರ ಬಿಚ್ಚೋದ್ರೊಳಗೆ ಎರಡೂ ಇಲ್ಲ," ಅಂದ ಡೆಲ್ಬರ್ಟ್. "ನನ್ನ ಮದುವೆಗೂ ಇಷ್ಟು ಜನ ಬಂದಿರ್ಲಿಲ್ಲ."

"ಇಷ್ಟೊಂದು ಗುಂಡು ಯಾರು ಹಾರಿಸ್ತಾರೆ?" ಎಂದು ಕೇಳಿದೆ.

"ಯಾರೂ ಹಾರಿಸಲ್ಲ ಅಮ್ಮಾ. ಮುಂದೆ ಸಿಗಲ್ಲ ಅಂತ ಇವತ್ತು ತಗೋತಾರೆ. ಪೇಟೆಗೆ ಬಂದಾಗೆಲ್ಲ ಒಂದು. ಎಲ್ಲರ ನೆಲಮಾಳಿಗೇಲೂ ಇದೆ, ಯಾರ ಹತ್ರಾನೂ ಇಲ್ಲ."

"ನೀನು ಒಬ್ಬೊಬ್ಬರಿಗೆ ಒಂದೇ ಅಂತ ಹೇಳ್ಬಾರ್ದಾ?"

"ಹೇಳಿದೀನಲ್ಲ. ಒಂದು ತಗೋತಾರೆ, ಗಾಡೀಲಿ ಹೆಂಡ್ತಿ ಕೂತಿರ್ತಾಳೆ, ಅವಳು ಬಂದು ಒಂದು ತಗೋತಾಳೆ. ಹೋದ ವಾರ ಒಬ್ಬರು ಅತ್ತೇನೂ ಕರ್ಕೊಂಡು ಬಂದಿದ್ರು."

ಹೊರಗೆ ಬಂದು ಗಾಡಿಯಲ್ಲಿ ಕೂತೆವು. ಹಾಲ್ವರ್ ಕೀಲಿ ತಿರುಗಿಸಲಿಲ್ಲ. ಹೂವಿಡುವ ಸೋಮವಾರಕ್ಕೆ ಐದು ದಿನ ಉಳಿದಿತ್ತು.

"ಅಮ್ಮ ಇದ್ದಿದ್ರೆ ಏನಂತಿದ್ಲು ಹೇಳಿ," ಅಂದರು.

ನಾನು ಅವರ ತಾಯಿಯನ್ನು ನೋಡಿದವಳಲ್ಲ. "ಮಾತು ದೊಡ್ಡದೋ ಮಕ್ಕಳು ದೊಡ್ಡೋರೋ, ಅದು ಸೂಲಗಿತ್ತಿಗೆ ಗೊತ್ತಿರುತ್ತೆ," ಅಂದೆ.

ಅಲ್ಲಿಂದ ನೇರ ಗೇಲನ್ ಲುಂಡೆಯ ಮನೆಗೆ ಹೋದೆವು. ಗೇಲನ್‌ಗೆ ಐವತ್ತೆರಡು, ಗೋಧಿ ಬೆಳೆಯುವವನು, ದಪ್ಪ ದನಿ. ಅಡುಗೆಮನೆಗೆ ಕರೆದು ಕೂರಿಸಿದ.

"ಬಂದ್ರಾ, ಗೋಫರ್ ಮಾವ. ಗುಂಡು ಸಿಕ್ತಾ, ಇಲ್ಲಾ ಯಂತ್ರದೋನಿಗೆ ಫೋನ್ ಮಾಡ್ಲಾ? ಇರ್ಲಿ, ಕಾಫಿ ಕುಡೀರಿ."

"ಕೊಡು," ಅಂದರು ಹಾಲ್ವರ್.

ಗೇಲನ್ ಕಾಫಿ ಪಾತ್ರೆ ಎತ್ತಿದವನು ಹಾಗೇ ನಿಂತ. ಮೊದಲ ಮಾತಿಗೇ ಹೂಂ ಅನ್ನುವವರನ್ನು ಅವನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಅವನು ಪಾತ್ರೆಯನ್ನು ನಿಧಾನವಾಗಿ ಒಲೆಯ ಮೇಲೆ ಇಟ್ಟು, ಕುರ್ಚಿ ಎಳೆದು ಎದುರಿಗೆ ಕೂತ. "ಯಾರು ತೀರ್ಕೊಂಡ್ರು?" ಎಂದು ಕೇಳಿದ. ದನಿ ಸಣ್ಣದಾಗಿತ್ತು.

"ನಿಮ್ಮಪ್ಪನ ತಂಗಿ," ಅಂದರು ಹಾಲ್ವರ್.

"ಅಪ್ಪನಿಗೆ ತಂಗಿ ಇರ್ಲಿಲ್ಲ."

"ಮೂರು ದಿನ ಇದ್ಲು. ಸಾವಿರದ ಒಂಬೈನೂರ ಹದಿನಾರು, ಫೆಬ್ರವರಿ. ಉತ್ತರದ ಬೇಲಿ, ಪೂರ್ವದಿಂದ ನಾಲ್ಕನೇ ಕಂಬ."

ಉಳಿದದ್ದನ್ನು ತಲೆ ತಗ್ಗಿಸಿಕೊಂಡೇ ಹೇಳಿ ಮುಗಿಸಿದರು. ಗೇಲನ್ ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ ಇದ್ದ.

"ಅಜ್ಜಿ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ್ಮೇಲೆ ಆ ಬೇಲಿ ಹಿಡ್ಕೊಂಡು ನಿಲ್ತಿದ್ಲು," ಅಂದ ಕಡೆಗೆ. "ಗಾಡೀಲಿ ನಾವೆಲ್ಲ ಕೂತು ಕಾಯ್ತಿದ್ವಿ. ಕಾಲು ನೋವು, ಸುಧಾರಿಸ್ಕೋತಾಳೆ ಅಂತ ಅನ್ಕೊಂಡಿದ್ವಿ. ನಾನು ಒಂದ್ಸಲ ಹಾರ್ನ್ ಹೊಡೆದಿದ್ದೆ."

ಅವನು ಎದ್ದು ನೆಲಮಾಳಿಗೆಗೆ ಇಳಿದ. ಕೆಳಗಿನಿಂದ ಏನನ್ನೋ ಎಳೆಯುವ ಸದ್ದು. ಸೇಬಿನ ಡಬ್ಬವೊಂದನ್ನು ಎದೆಗವಚಿಕೊಂಡು ಮೇಲೆ ಬಂದ. ಅದರ ತುಂಬ ಹದಿನೇಳರ ಗುಂಡು, ಹದಿನಾಲ್ಕು ಪೆಟ್ಟಿಗೆ. ಒಂದೂ ಒಡೆದಿರಲಿಲ್ಲ.

"ಪೇಟೆಗೆ ಹೋದಾಗೆಲ್ಲ ಒಂದು," ಅಂದ. ಕಿವಿಯವರೆಗೆ ಕೆಂಪಾಗಿದ್ದ. "ನೀವು ಬಂದು ಕೇಳ್ತೀರಿ ಅಂತ ಇದ್ದೆ. ಕೇಳ್ಲಿಲ್ಲ ನೀವು."

"ನಿನ್ನ ಹೆಂಡ್ತಿ ಇದಾಳಲ್ಲ. ನಾನು ಕೇಳ್ತಿದ್ದಿದ್ದು ವಿಧವೆಯರ ಮನೇಲಿ," ಅಂದರು ಹಾಲ್ವರ್.

ಆಗ ಗೇಲನ್ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ. ಆಮೇಲೆ ಕಾಫಿ ಕೊಟ್ಟ.

ಯಂತ್ರ ಬರಲಿಲ್ಲ. ಜೂನ್ ಹತ್ತರ ಹೊತ್ತಿಗೆ ಬೇಲಿಯಲ್ಲಿ ಗೋಫರು ಇರಲಿಲ್ಲ. ಒಂಬತ್ತು ಪೆಟ್ಟಿಗೆ ಮಿಕ್ಕಿದವು, ಹಾಲ್ವರ್ ಅವನ್ನು ಗೇಲನ್‌ಗೆ ಹಿಂದಿರುಗಿಸಿದರು, ಸಿಪ್ಪೆಗಳನ್ನೂ. ಆ ಬೇಸಿಗೆ ಇಡೀ ಅವರು ಉಳಿದ ಮನೆಗಳಿಗೆ ಒಂದೊಂದಾಗಿ ಹೋಗಿ ಹೇಳಿದರು. ಅವರ ಕಣ್ಣು ಮೊದಲಿಗಿಂತ ಮಂಜಾಗಿದ್ದರಿಂದ ಗಾಡಿ ನಾನು ಓಡಿಸಿದೆ. ಒಬ್ಬ ಮುದುಕಿ ತನ್ನ ಅಕ್ಕ ಯಾವ ಕಂಬದಲ್ಲಿದ್ದಾಳೆಂದು ಕೇಳಿ, ಅಂದೇ ಚಪ್ಪಲಿ ಮೆಟ್ಟಿ ನಮ್ಮ ಜೊತೆ ಹೊರಟಳು. ಒಂದು ಮನೆಯಲ್ಲಿ, ಸತ್ತವರ ಹೆಸರು ಕೆಡಿಸಲು ಬಂದಿರಾ ಎಂದು ಬಾಗಿಲು ಹಾಕಿದರು. ಹಾಲ್ವರ್ ಮುಚ್ಚಿದ ಬಾಗಿಲಿಗೆ ಟೋಪಿ ತೆಗೆದು, "ಏಳು ತಿಂಗಳಿಗೆ ಹುಟ್ಟಿದ್ದ, ಎರಡನೇ ಕಂಬ," ಎಂದು ಹೇಳಿಯೇ ಮೆಟ್ಟಿಲಿಳಿದರು. ಮುಂದಿನ ವಾರ ಎರಡನೆಯ ಕಂಬದ ಬುಡದಲ್ಲಿ ಒಂದು ಸೀಸೆಯಲ್ಲಿ ಲೈಲ್ಯಾಕ್ ಹೂ ಇತ್ತು. ಯಾರಿಟ್ಟದ್ದೆಂದು ನಾವು ಕೇಳಲಿಲ್ಲ.

ಡಿಸೆಂಬರಿನಲ್ಲಿ ಅವರ ಹೃದಯ ಸೋತಿತು. ಜನವರಿಯಲ್ಲಿ ಪೇಟೆಯ ಆಸ್ಪತ್ರೆಗೆ ಸೇರಿದರು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ವರ್ನಾ ಈಗ ಗೇಲಿ ಮಾಡುವುದು ಬಿಟ್ಟು ಬುತ್ತಿ ಕಟ್ಟಿಕೊಡುತ್ತಿದ್ದಳು.

ಬೇಲಿಯ ಬಳಿ ಮಕ್ಕಳ ಹೆಸರಿನ ಒಂದು ಕಲ್ಲು ನಿಲ್ಲಿಸುವುದೆಂದು ಗೇಲನ್ ಮಂಡಳಿಯಲ್ಲಿ ಒಪ್ಪಿಸಿದ್ದ. ಕೆತ್ತುವವನು ಶುಕ್ರವಾರದೊಳಗೆ ಹೆಸರು ಕೇಳಿದ್ದ. ದೀಕ್ಷೆಯಿಲ್ಲದೆ ಹೆಸರಿಲ್ಲ ಎಂದು ಪಾದ್ರಿ ಅಂದಿದ್ದರೂ ತಾಯಂದಿರು ಮನಸ್ಸಿನಲ್ಲೇ ಹೆಸರಿಟ್ಟು ಸೂಲಗಿತ್ತಿಗೆ ಮಾತ್ರ ಹೇಳಿದ್ದರಂತೆ. ಬುಧವಾರ ಮಧ್ಯಾಹ್ನ ನಾನು ಹಾಸಿಗೆಯ ಪಕ್ಕ ಕಾಗದ, ಪೆನ್ಸಿಲು ಹಿಡಿದು ಕೂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಕೂಡಿಸಲು ಹೊತ್ತು ಬೇಕು.

"ನಿಧಾನ ಬರೀರಿ," ಅಂದರು. "ಅವ್ರಿಗೇನೂ ಅವಸರ ಇಲ್ಲ."

ಪೂರ್ವದಿಂದ ಒಂದೊಂದೇ ಕಂಬ ಹೇಳಿದರು. ಮೊದಲನೆಯದು ಸಿಗ್ನೆ. ಎರಡನೆಯದು ಪೆಡರ್. ಗೇಲನ್ ಮನೆಯ ಕೂಸು ರಗ್ನಾ. ಐದನೆಯದು ತಮ್ಮ ಅಣ್ಣ, ತೂರ್ವಲ್. ಆ ಹೆಸರು ಹೇಳುವಾಗ ದನಿ ಬದಲಾಗಲಿಲ್ಲ, ಕೈ ಮಾತ್ರ ಹೊದಿಕೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡರು. ಆರನೆಯದಾದ ಮೇಲೆ ನಿಲ್ಲಿಸಿದರು. ಉಸಿರಿಗೆ ನಿಲ್ಲಿಸಿದರೆಂದು ನಾನು ಕಾದೆ.

"ಏಳನೇದು ನನಗೂ ಗೊತ್ತಿಲ್ಲ," ಅಂದರು. "ಗೋಧಿ ಒಕ್ಕೋ ಗುಂಪಿನ ಜೊತೆ ಅಡುಗೆಗೆ ಬಂದೋಳದು. ಮಗು ಹೋಗಿ ಎರಡನೇ ದಿನಕ್ಕೆ ಗುಂಪು ರೈಲು ಹತ್ತಿತು, ಅವಳೂ ಹತ್ತಿದ್ಲು. ಹೆಸರು ಹೇಳ್ಲಿಲ್ಲ. ಹೆಣ್ಣು. ತಲೆ ತುಂಬ ಕೂದಲಿತ್ತು ಅಂತ ಅಮ್ಮ ಹೇಳ್ತಿದ್ಲು."

"ಆ ಜಾಗ ಖಾಲಿ ಬಿಡ್ಲಾ?"

ಅವರು ಬೇಡವೆಂದು ತಲೆಯಾಡಿಸಿದರು. ಆಮೇಲೆ ಚೆನ್ನಾಗಿ ಕಾಣುವ ಕಣ್ಣನ್ನು ನನ್ನ ಕಡೆ ತಿರುಗಿಸಿದರು.

"ಅವಳು ಇಲ್ಲಿ ಯಾರ ಮನೆಗೂ ಸೇರಿದೋಳಲ್ಲ, ಗುಡ್ಡದ ಚರ್ಚಿಗೂ ಸೇರಿದೋಳಲ್ಲ. ನೀವೂ ಹಾಗೇ," ಅಂದರು. "ಅವಳಿಗೊಂದು ಹೆಸರು ನೀವು ಇಡ್ತೀರಾ, ಆರ್ಡಿಸ್?"